ಹಗೇವು ಬರಿದಾಗದಿರಲಿ



ಅನ್ನದ ಪ್ರಶ್ನೆಯೆಂದರೆ ಬೆಳೆಯ ಪ್ರಶ್ನೆಯೊಂದೇ ಎಂದು ನಾವು ಭಾವಿಸುವುದುಂಟು. ಮಳೆ ಬಂದರೆ ಬೆಳೆ, ಬೆಳೆ ಬಂದರೆ ಊಟ ಎಂಬುದು ಸರಳವಾದ ಲೆಕ್ಕ. ಆದರೆ ಕಣಜ ತುಂಬಿದ ನಾಡಿನಲ್ಲಿಯೂ ಕೊಳ್ಳುವ ಶಕ್ತಿಯಿಲ್ಲದವನು ಹಸಿದಿರಬಹುದೆಂಬುದನ್ನು ಅಮರ್ತ್ಯ ಸೇನರು 1981ರಲ್ಲಿ ಪ್ರಕಟವಾದ ತಮ್ಮ ಕ್ಷಾಮಾಧ್ಯಯನದಲ್ಲಿ ತೋರಿಸಿಕೊಟ್ಟರು. ಈ ಮಾತನ್ನು ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನೆಲದ ಮೇಲಿಟ್ಟು ತಾವೂ ನೋಡಬೇಕೆಂದು ಪ್ರಾರ್ಥನೆ.

ನಾನು ಮಾಗಡಿ ಸೀಮೆಯ ಬೇಸಾಯದ ಮನೆತನದವನು. ನಮ್ಮ ತಂದೆಯವರ ಕಾಲದಲ್ಲಿ ಹೊಲವೆಂದರೆ ರಾಗಿ. ಅದರ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಕಾಳು ಮನೆಗೆ, ಹುಲ್ಲು ದನಕ್ಕೆ, ಗೊಬ್ಬರ ಮರಳಿ ಹೊಲಕ್ಕೆ. ಮಿಕ್ಕ ರಾಗಿ ಹಗೇವಿಗೆ ಇಳಿಯುತ್ತಿತ್ತು. ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯವದು. 1876–78ರ ಮಹಾಕ್ಷಾಮದ ಹಿಂದುಮುಂದಿನ ಜನಗಣತಿಗಳ ನಡುವೆ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷದಿಂದ 42 ಲಕ್ಷಕ್ಕೆ ಇಳಿದಿತ್ತು. ಆ ಕಥೆಗಳನ್ನು ಕೇಳಿ ಬೆಳೆದ ಹಿರಿಯರಿಗೆ ಹಗೇವು ಬರಿಯ ಆಸ್ತಿಯಲ್ಲ, ಅಭಯವಾಗಿತ್ತು.

ಬಳಿಕ ನೀರಿದ್ದವರು ಹಿಪ್ಪುನೇರಳೆ ಹಾಕಿದರು, ಇಲ್ಲದವರು ಮಾವು ನೆಟ್ಟರು. ಅದನ್ನು ತಪ್ಪೆನ್ನಲಾಗದು, ರೇಷ್ಮೆಯ ಹಣದಿಂದ ಎಷ್ಟೋ ಮನೆಗಳ ಮಕ್ಕಳು ವಿದ್ಯಾವಂತರಾದರು. ಆದರೆ ಗೂಡಿನ ಬೆಲೆ ನಮ್ಮ ಹೊಲದಲ್ಲಿ ನಿರ್ಣಯವಾಗುವುದಿಲ್ಲ. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವು ಶೇಕಡ 30ರಿಂದ 5ಕ್ಕೆ ಇಳಿಯಿತು. ಗೂಡಿನ ದರವೂ ಕುಸಿಯಿತು. ಚನ್ನಪಟ್ಟಣದ ಕಡೆಯ ನಮ್ಮ ಭಾವನವರು ಎರಡು ಬೆಳೆಯ ಗೂಡನ್ನು ಬಡ್ಡಿಗೂ ಸಾಲದ ಬೆಲೆಗೆ ಕೊಟ್ಟು ಬಂದರು. ಆ ವರ್ಷ ಅವರ ಮನೆಯವರು ಉಂಡದ್ದು, ಅಕ್ಕ ಹಟ ಹಿಡಿದು ಉಳಿಸಿಕೊಂಡಿದ್ದ ಒಂದೆಕರೆ ಹೊಲದ ರಾಗಿಯನ್ನು.

ರಾಗಿಗೆ ಬೆಂಬಲವೇ ಇಲ್ಲವೆಂದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ, ಹೆಚ್ಚು ಇಳುವರಿಯ ಇಂಡಾಫ್ ರಾಗಿಗಳನ್ನು ನಾಡಿಗಿತ್ತರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಅಕ್ಕಿ, ಗೋಧಿಗಳೊಡನೆ ಒರಟು ಧಾನ್ಯಗಳಿಗೂ ಪಡಿತರದಲ್ಲಿ ಸ್ಥಾನ ಕೊಟ್ಟಿತು. 2025–26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆದರೂ ಒಕ್ಕಣೆಯಾದೊಡನೆ ಕೈಗಡ ತೀರಿಸಬೇಕಾದ ಬಡ ರೈತನು ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲಾರನು. ವರ್ತಕನು ಹೇಳಿದ ಬೆಲೆಗೆ ಕೊಟ್ಟು, ಮಳೆಗಾಲದ ಹೊತ್ತಿಗೆ ತಾನೇ ಅಂಗಡಿಯಲ್ಲಿ ಹಿಟ್ಟು ಕೊಳ್ಳುತ್ತಾನೆ. ಬೆಳೆದವನೇ ಕೊಳ್ಳುವವನಾಗುವ ಈ ಸ್ಥಿತಿಯೇ ಹಸಿವಿನ ಮೊದಲ ಮೆಟ್ಟಿಲು.

ಆದುದರಿಂದ ಎರಡು ವಿಜ್ಞಾಪನೆಗಳು. ಹೊಲವುಳ್ಳವರು ರೇಷ್ಮೆಯನ್ನೂ ಮಾವನ್ನೂ ಬೆಳೆಯಿರಿ. ಮನೆಯ ವರ್ಷದ ಊಟಕ್ಕಾಗುವಷ್ಟು ರಾಗಿಯ ನೆಲವನ್ನು ಮಾತ್ರ ಬಿಡಬೇಡಿರಿ. ನಗರಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿ ಮಿತ್ರರೇ, ತಮ್ಮ ಮನೆಯ ರಾಗಿಯನ್ನು ತಮ್ಮೂರಿನ ಒಬ್ಬ ರೈತನಿಂದಲೇ, ಬಿತ್ತನೆಯ ಕಾಲದಲ್ಲಿಯೇ ಮುಂಗಡವಿತ್ತು ಕೊಳ್ಳಿರಿ. ಅವನಿಗೆ ಕೈಗಡದ ಹಂಗು ತಪ್ಪುತ್ತದೆ. ತಮಗೆ ನೆಲದ ನೆನಪು ಉಳಿಯುತ್ತದೆ.