ಹೆಚ್ಚಿಟ್ಟ ಸೇಬು, ಮುಚ್ಚಿಟ್ಟ ಪಪ್ಪಾಯ

ಬೆಳಗ್ಗೆ ಏಳೂವರೆಗೆ ಹೆಚ್ಚಿದ ಸೇಬನ್ನ ಅಪ್ಪ ಹನ್ನೊಂದು ಗಂಟೆಗೆ ತಿನ್ನಬೇಕು. ಸಮಸ್ಯೆ ಇಷ್ಟೇ. ಆದ್ರೆ ಕಳೆದ ಆರು ತಿಂಗಳಲ್ಲಿ ನಮ್ಮನೆ ಅಡುಗೆಮನೇಲಿ ಇದರ ಬಗ್ಗೆ ನಡೆದಷ್ಟು ಚರ್ಚೆ ನಮ್ಮ ಆಫೀಸಿನ ಯಾವ ಡಿಸೈನ್ ರಿವ್ಯೂನಲ್ಲೂ ನಡೆದಿಲ್ಲ.

ಅಪ್ಪನಿಗೆ ಪಾರ್ಶ್ವವಾಯು ಆಗಿ ಬಲಗೈ ಸೋತಿದೆ. ನಡೀತಾರೆ, ಮಾತಾಡ್ತಾರೆ, ಎಡಗೈಯಲ್ಲೇ ಪೇಪರ್ ಮಡಿಸ್ಕೊಂಡು ಓದ್ತಾರೆ. ಚಾಕು ಹಿಡಿಯೋದು ಮಾತ್ರ ಆಗಲ್ಲ. ನಾನು ಎಂಟಕ್ಕೆ ಕ್ಯಾಬ್ ಹತ್ತಬೇಕು, ಅಮ್ಮ ಎಂಟೂವರೆಗೆ ಸ್ಕೂಲಿಗೆ ಹೊರಟ್ರೆ ಬರೋದು ನಾಲ್ಕಕ್ಕೆ. ಹಾಗಾಗಿ ಹಣ್ಣು ಹೆಚ್ಚಿಟ್ಟೇ ಹೋಗಬೇಕು. ಕಂದಾದ ಸೇಬನ್ನ ಅಪ್ಪ ಮುಟ್ಟಲ್ಲ. ಬೇಡ ಅಂತಲೂ ಹೇಳಲ್ಲ. ಸಂಜೆ ನೋಡಿದ್ರೆ ಡಬ್ಬಿ ಹಾಗೇ ಇರತ್ತೆ, "ಹಸಿವಿರ್ಲಿಲ್ಲ ಕಣೋ" ಅಂತಾರೆ ಅಷ್ಟೆ. ಇನ್ನೊಬ್ಬರು ಹೆಚ್ಚಿಕೊಟ್ಟರೆ ಮಾತ್ರ ತಿನ್ನಬೇಕಾದ ಮನುಷ್ಯ, ಅದು ಚೆನ್ನಾಗಿಲ್ಲ ಅಂತ ಬಾಯಿಬಿಟ್ಟು ಹೇಳೋದಾದ್ರೂ ಹೇಗೆ?

ಸೇಬು ಯಾಕೆ ಕಂದಾಗತ್ತೆ ಅಂದ್ರೆ, ಅದರ ಒಂದೊಂದು ಜೀವಕೋಶದಲ್ಲೂ ಬೇರೆಬೇರೆ ಕೋಣೆಗಳಿವೆ ಅನ್ಕೊಳ್ಳಿ. ಒಂದರಲ್ಲಿ ಫೀನಾಲ್ ಜಾತಿಯ ವಸ್ತುಗಳು, ಇನ್ನೊಂದರಲ್ಲಿ ಪಾಲಿಫೀನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ. ಹಣ್ಣು ಇಡಿಯಾಗಿರೋ ತನಕ ಇವೆರಡೂ ಮುಖಾಮುಖಿ ಆಗಲ್ಲ. ಚಾಕು ಹಾಕಿದ ತಕ್ಷಣ ಗೋಡೆ ಒಡೆದು ಎರಡೂ ಬೆರೆತುಹೋಗತ್ತೆ, ಗಾಳಿಯಲ್ಲಿರೋ ಆಮ್ಲಜನಕವೂ ಕೈಜೋಡಿಸತ್ತೆ, ಕಂದು ಬಣ್ಣ ಹುಟ್ಕೊಳತ್ತೆ. ತಮಾಷೆ ಅಂದ್ರೆ ಚಹಾ ಸೊಪ್ಪು ಕಪ್ಪಾಗೋದೂ ಇದೇ ಕಿಣ್ವದಿಂದ. ಅಲ್ಲಿ ಎಲೆಯನ್ನ ಬೇಕಂತಲೇ ಜಜ್ಜಿ ಗಾಳಿಗೆ ಬಿಡ್ತಾರೆ. ಗ್ರೀನ್ ಟೀ ಬೇಕಾದ್ರೆ ಮೊದಲೇ ಬಿಸಿ ಮಾಡಿ ಕಿಣ್ವವನ್ನ ಕೊಂದುಬಿಡ್ತಾರೆ. ಈ ಕಿಣ್ವವೇ ಸರಿಯಾಗಿ ತಯಾರಾಗದ ಹಾಗೆ ಜೀನ್ ಬದಲಿಸಿದ ಆರ್ಕ್ಟಿಕ್ ಅನ್ನೋ ಸೇಬಿಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಬೀದಿಯ ತಳ್ಳುಗಾಡಿಗೆ ಅದು ಬರೋವರೆಗೂ ಕಾಯೋಕಾಗಲ್ವಲ್ಲ :-)

ಗಾಳಿ ತಾಗದ ಹಾಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ ಅಂತ ಎಲ್ಲರೂ ಹೇಳ್ತಾರೆ. ನಮ್ಮನೇಲಿ ಅದು ನಡೆಯಲ್ಲ. ನಾಲ್ಕೂ ಕಡೆ ಲಾಕ್ ಇರೋ ಆ ಪ್ಲಾಸ್ಟಿಕ್ ಡಬ್ಬಿಗಳನ್ನ ಒಂದೇ ಕೈಯಲ್ಲಿ ತೆಗೆದು ನೋಡಿ, ಗೊತ್ತಾಗತ್ತೆ. ಹೋಳುಗಳನ್ನ ಮತ್ತೆ ಸೇಬಿನ ಆಕಾರಕ್ಕೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕೋದೂ ಒಳ್ಳೇ ಉಪಾಯವೇ, ಮಕ್ಕಳ ಟಿಫನ್ ಡಬ್ಬಿಗೆ ಸರಿಹೋಗತ್ತೆ. ಅಪ್ಪನ ಎಡಗೈಗೆ ಅದೂ ಒಂದು ಪರೀಕ್ಷೆ. ನಮಗೆ ಬೇಕಿದ್ದದ್ದು ಸುಮ್ಮನೆ ಮೇಲೆತ್ತಿದ್ರೆ ಬರೋ ಮುಚ್ಚಳದ ಸ್ಟೀಲ್ ಡಬ್ಬಿ. ಅಂದ್ರೆ ಗಾಳಿಯನ್ನ ತಡೆಯೋ ಹಾಗಿಲ್ಲ, ಕಿಣ್ವವನ್ನೇ ಕಟ್ಟಿಹಾಕಬೇಕು.

ಒಂದು ಶನಿವಾರ ಒಂದೇ ಸೇಬನ್ನ ಹೆಚ್ಚಿ ಐದು ಬಟ್ಟಲಿಗೆ ಹಾಕಿದೆ. ಒಂದು ಹಾಗೇ, ಉಳಿದ ನಾಲ್ಕು ಬರೀ ನೀರು, ನಿಂಬೆ ನೀರು, ಉಪ್ಪು ನೀರು, ಜೇನು ನೀರಿನಲ್ಲಿ. ಅಮ್ಮ ಬಂದು ನೋಡಿ "ಇದೇನು ಶ್ರಾದ್ಧಕ್ಕೆ ಜೋಡಿಸಿದ ಹಾಗೆ" ಅಂದ್ಲು. ಹಾಗೇ ಬಿಟ್ಟದ್ದು ಇಪ್ಪತ್ತು ನಿಮಿಷದಲ್ಲೇ ಬಣ್ಣ ತಿರುಗಿತು. ಬರೀ ನೀರಿನದ್ದು ನೀರೊಳಗಿದ್ದಷ್ಟು ಹೊತ್ತು ಸರಿ, ತೆಗೆದ ಮೇಲೆ ಅದೇ ಕಥೆ. ಎಲ್ಲಕ್ಕಿಂತ ಬೆಳ್ಳಗೆ ಉಳಿದದ್ದು ನಿಂಬೆಯದ್ದು. ಹುಳಿ ಜಾಸ್ತಿಯಾದ್ರೆ ಕಿಣ್ವ ಕೆಲಸ ಮಾಡಲ್ಲ, ಜೊತೆಗೆ ನಿಂಬೆಯ ವಿಟಮಿನ್ ಸಿ ಬಣ್ಣ ಕಟ್ಟೋಕೆ ಹೊರಟದ್ದನ್ನ ವಾಪಸ್ ಕಳಿಸತ್ತೆ. ಆದ್ರೆ ಅಪ್ಪ "ಸೇಬೋ ಮಾವಿನಕಾಯೋ" ಅಂತ ಮುಖ ಹಿಂಡಿದ್ರು. ಜೇನಿನಲ್ಲೂ ಈ ಕಿಣ್ವವನ್ನ ತಡೆಯೋ ಒಂದು ಪುಟ್ಟ ಪೆಪ್ಟೈಡ್ ಇದೆ, ಫಲಿತಾಂಶ ಚೆನ್ನಾಗೇ ಇತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ ಇರೋದ್ರಿಂದ ಆ ಬಟ್ಟಲು ನನ್ನ ಹೊಟ್ಟೆ ಸೇರಿತು.

ಗೆದ್ದದ್ದು ಉಪ್ಪು. ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು, ಹತ್ತು ನಿಮಿಷ ನೆನೆಸಿ, ತೆಗೆದು ಒಳ್ಳೇ ನೀರಲ್ಲಿ ತೊಳೆಯೋದು. ಉಪ್ಪಿನಲ್ಲಿರೋ ಕ್ಲೋರೈಡ್ ಕಿಣ್ವಕ್ಕೆ ಅಡ್ಡಗಾಲು ಹಾಕತ್ತೆ. ಅಪ್ಪನಿಗೆ ಬಿಪಿ ಇರೋದ್ರಿಂದ ತೊಳೆಯೋದನ್ನ ಮಾತ್ರ ಮರೆಯೋ ಹಾಗಿಲ್ಲ. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿದ್ರೆ ಅಮ್ಮನಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. "ಬದನೇಕಾಯಿ ಹೆಚ್ಚಿ ಉಪ್ಪು ನೀರಿಗೆ ಹಾಕಲ್ವಾ? ಬಾಳೇಕಾಯಿ, ಬಾಳೆದಿಂಡು ಮಜ್ಜಿಗೆ ನೀರಿಗೆ ಹಾಕಲ್ವಾ? ಇದೂ ಅದೇ ತಾನೇ" ಅಂದ್ಲು. ಹೌದು, ಅದೇ. ಮಜ್ಜಿಗೆಯ ಹುಳಿ ಅಲ್ಲಿ ನಿಂಬೆಯ ಕೆಲಸ ಮಾಡತ್ತೆ. ಅಜ್ಜಿ ಬಾಳೆಹೂವು ಬಿಡಿಸೋವಾಗ ಪಕ್ಕದಲ್ಲೇ ಮಜ್ಜಿಗೆ ಪಾತ್ರೆ ಇಟ್ಕೊಳ್ತಿದ್ದದ್ದು ನೆನಪಾಯ್ತು. ಹೂವು ಕೈಯಿಂದ ನೇರ ಪಾತ್ರೆಗೆ, ಗಾಳಿಗೆ ಪುರುಸೊತ್ತೇ ಕೊಡ್ತಿರಲಿಲ್ಲ.

ಇಲ್ಲಿಗೆ ಸೇಬಿನ ಕಥೆ ಮುಗಿಯಬೇಕಿತ್ತು. ಆದ್ರೆ ನಿಜವಾದ ತಲೆನೋವು ಸೇಬಲ್ಲ, ಪಪ್ಪಾಯ. ಪಪ್ಪಾಯದ ಬಗ್ಗೆ ಅಪ್ಪನದ್ದು ಯಾವ ತಕರಾರೂ ಇಲ್ಲ, ಯಾಕಂದ್ರೆ ಅದು ಬಣ್ಣ ಬದಲಿಸಲ್ಲ. ಫ್ರಿಜ್ಜಿನ ಹಣ್ಣು ಹಲ್ಲಿಗೆ ಜುಮ್ ಅನ್ನತ್ತೆ ಅಂತ ಹತ್ತು ಗಂಟೆಗೇ ಹೊರಗಿಟ್ಕೊಂಡು ಮೂರು ಗಂಟೆಗೆ ತಿನ್ನೋರು. "ಕೆಂಪಗೇ ಇದೆಯಲ್ಲೋ, ಏನಾಗಿದೆ ಅದಕ್ಕೆ?" ಅನ್ನೋದು ಅವರ ವಾದ. ಕಂದಾಗೋದೇ ಬೇರೆ, ಕೆಡೋದೇ ಬೇರೆ. ಕಂದಾದ ಸೇಬು ತಿಂದ್ರೆ ಏನೂ ಆಗಲ್ಲ. ಸೇಬಲ್ಲಿ ಹುಳಿ ಇದೆ, ಅದರ ಪಿಹೆಚ್ ಸುಮಾರು 3.5 ರಿಂದ 4, ರೋಗ ತರೋ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬೆಳೆಯೋದು ಕಷ್ಟ. ಪಪ್ಪಾಯ, ಕಲ್ಲಂಗಡಿ, ಕರಬೂಜದಲ್ಲಿ ಹುಳಿ ಅಷ್ಟಿಲ್ಲ, ಪಿಹೆಚ್ 5ಕ್ಕೂ ಮೇಲೆ. ಸಿಪ್ಪೆ ಮೇಲಿನ ಕೊಳೆ ಚಾಕುವಿನ ಜೊತೆ ಒಳಗೆ ಹೋದ್ರೆ ಅಲ್ಲಿ ಅವುಗಳಿಗೆ ಹಬ್ಬ. ನೋಡೋಕೆ, ತಿನ್ನೋಕೆ ವ್ಯತ್ಯಾಸವೇ ಗೊತ್ತಾಗಲ್ಲ. ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, 32 ಡಿಗ್ರಿ ದಾಟೋ ಸೆಕೆಯಲ್ಲಿ ಒಂದೇ ಗಂಟೆ. ಏಪ್ರಿಲ್‌ನಲ್ಲಿ ನಮ್ಮ ಡೈನಿಂಗ್ ಟೇಬಲ್ ಕಿಟಕಿ ಪಕ್ಕದಲ್ಲೇ ಇರತ್ತೆ ಬೇರೆ. ನಾವು ಮೂರೂ ಜನ ಕಂದಾದ ಸೇಬಿಗೆ ಹೆದರ್ಕೊಂಡು ಕೂತಿದ್ವಿ, ಪಪ್ಪಾಯ ಆರಾಮಾಗಿ ಟೇಬಲ್ ಮೇಲೆ ಕೂತಿತ್ತು.

ಅಪ್ಪನಿಗೆ ಬ್ಯಾಕ್ಟೀರಿಯಾ ಬಗ್ಗೆ ಉಪನ್ಯಾಸ ಕೊಟ್ಟು ಪ್ರಯೋಜನ ಇಲ್ಲ. ಸುಮ್ಮನೆ ವೇಳಾಪಟ್ಟಿ ಬದಲಾಯಿಸಿದ್ವಿ. ಹಣ್ಣನ್ನ ಇಡಿಯಾಗಿರೋವಾಗಲೇ ತೊಳೆದು, ಹೆಚ್ಚಿ, ಎರಡೂ ಡಬ್ಬಿ ಫ್ರಿಜ್ಜಿಗೆ. ಪಪ್ಪಾಯ ಹತ್ತೂವರೆಗೆ ಹೊರಗೆ ಬಂದು ಹನ್ನೊಂದಕ್ಕೆ ಹೊಟ್ಟೆಗೆ. ಉಪ್ಪು ನೀರಲ್ಲಿ ಮಿಂದ ಸೇಬು ಮೂರು ಗಂಟೆಗೆ. ಬಾಳೆಹಣ್ಣಿಗೆ ಇದ್ಯಾವುದೂ ಬೇಡ, ದೇವರೇ ಪ್ಯಾಕ್ ಮಾಡಿ ಕಳಿಸಿದ್ದಾನೆ. ತೊಟ್ಟು ಕಚ್ಚಿ ಎಡಗೈಯಲ್ಲಿ ಸುಲಿಯೋದನ್ನ ಅಪ್ಪ ತಾವೇ ಕಂಡುಕೊಂಡಿದ್ದಾರೆ.

ಹೋದ ವಾರ ಮೂರೂ ಹತ್ತಕ್ಕೆ, ಮೀಟಿಂಗ್ ಮಧ್ಯೆ, ಅಪ್ಪನ ಫೋನ್ ಬಂತು. ಗಾಬರಿಯಿಂದ ಹೊರಗೆ ಓಡಿ ಬಂದು ಎತ್ತಿದೆ.

"ಇವತ್ತು ಸೇಬು ಯಾರೋ ಹೆಚ್ಚಿದ್ದು? ಬರೀ ಉಪ್ಪು. ನಾಳೆಯಿಂದ ಸರಿಯಾಗಿ ತೊಳೆಯೋಕೆ ಹೇಳು ನಿಮ್ಮಮ್ಮಂಗೆ."