ಬಿಸಿಗೂ ಮೀಟರ್

ಇಂಗ್ಲೆಂಡಿನ ಮನೆಯಲ್ಲಿ ಬಿಸಿಗೂ ಮೀಟರ್ ಇರುತ್ತದೆ. ಮೀಟರ್ ಎಲ್ಲಿಲ್ಲ ಎನ್ನಬೇಡಿ. ನಮ್ಮಲ್ಲಿ ಅದು ಜಗಲಿ ಗೋಡೆಯ ಮೇಲಿರುತ್ತದೆ, ತಿಂಗಳಿಗೊಮ್ಮೆ ರೀಡಿಂಗಿನವನು ಬಂದು ಕತ್ತೆತ್ತಿ ನೋಡುವ ತನಕ ಮನೆಯವರು ಯಾರೂ ಅದರ ಮುಖ ನೋಡುವುದಿಲ್ಲ. ಅಲ್ಲಿ ಅಡುಗೆಮನೆಯ ಕಟ್ಟೆ ಮೇಲೆ, ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಅಂಗೈ ಅಗಲದ ಒಂದು ಪರದೆ ಕೂತಿರುತ್ತದೆ. ಬೆಳಗಿನಿಂದ ಎಷ್ಟು ಪೌಂಡು ಸುಟ್ಟಿರಿ ಎಂದು ತೋರಿಸುತ್ತಲೇ ಇರುತ್ತದೆ. ಕರೆಂಟ್ ಜಾಸ್ತಿ ಎಳೆದರೆ ಹಸಿರು ದೀಪ ಕೆಂಪಾಗುತ್ತದೆ.

ನಾನು ನ್ಯಾಮತಿಯಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡವನು. ಸ್ವಲ್ಪ ಅಡಿಕೆ ತೋಟವೂ ಇದೆ. ಹತ್ತು ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಬಿಲ್ಲಿಲ್ಲ. ಹಾಗಾಗಿ ಕರೆಂಟ್ ಯಾವಾಗ ಬರುತ್ತದೆ ಎನ್ನುವುದು ನಮ್ಮ ಚಿಂತೆಯೇ ಹೊರತು ಎಷ್ಟು ಖರ್ಚಾಯಿತು ಎಂಬುದಲ್ಲ. ಡಿಸೆಂಬರಿನಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಬಿಟ್ಟರೆ ಹಂಡೆ ನೀರು ಮಧ್ಯಾಹ್ನದವರೆಗೂ ಕಾದಿರುತ್ತದೆ. ಬಂದವರಿಗೆಲ್ಲ ಸ್ನಾನ, ಬಂದವರಿಗೆಲ್ಲ ಊಟ. ಎಣಿಸುವುದು ಕೆಟ್ಟ ಬುದ್ಧಿ ಎಂದು ನಂಬಿ ಬೆಳೆದವರು ನಾವು.

ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯನೊಬ್ಬ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟಿನಲ್ಲಿದ್ದಾನೆ. ಅವನದು ಸಾಫ್ಟ್‌ವೇರ್ ಕೆಲಸ, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಪ್ರೈಮರಿ ಸ್ಕೂಲಿಗೆ ಹೋಗುವ ಒಬ್ಬ ಮಗ. "ಬೇಸಿಗೇಲಿ ಬಾರಲೇ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತೆ" ಎಂದು ಕರೆದಿದ್ದ. ಜೂನ್ ಅಂದರೆ ನಮಗೆ ಮೆಕ್ಕೆಜೋಳದ ಬೀಜ, ಡಿಎಪಿ, ಯೂರಿಯಾ ಅಂತ ಜನ ಬಾಗಿಲಲ್ಲಿ ನಿಲ್ಲುವ ಕಾಲ. ಅಂಗಡಿ ಬಿಡುವುದು ಹೇಗೆ? ಹಾಗಾಗಿ 2022ರ ನವೆಂಬರ್ ಕೊನೆಗೆ ಹೊರಟೆ. ಅತ್ತೆಗೆ ಹುಷಾರಿಲ್ಲವೆಂದು ನನ್ನ ಹೆಂಡತಿ ಊರಲ್ಲೇ ಉಳಿದಳು.

ಆ ವರ್ಷದ ಚಳಿಗಾಲವೇ ಆಗಬೇಕೆ! ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸಿನ ಬೆಲೆ ಕೈ ಮೀರಿತ್ತು. ಅದರ ಹಿಂದಿನ ಚಳಿಗಾಲದಲ್ಲಿ, ಸಾಧಾರಣ ಬಳಕೆಯ ಒಂದು ಮನೆಗೆ ಗ್ಯಾಸು ಕರೆಂಟು ಸೇರಿ ವರ್ಷಕ್ಕೆ 1,277 ಪೌಂಡು ಬೀಳುವಂತೆ ದರ ನಿಗದಿಯಾಗಿತ್ತು. 2022ರ ಅಕ್ಟೋಬರಿನಿಂದ, ಸರ್ಕಾರ ತಾನೇ ಹಣ ಸುರಿದು ದರವನ್ನು ಹಿಡಿದು ನಿಲ್ಲಿಸಿದ ಮೇಲೂ, ಅದೇ ಮನೆಗೆ 2,500 ಪೌಂಡು. ಆಗ ಪೌಂಡಿಗೆ ನಮ್ಮ ನೂರು ರೂಪಾಯಿ ಆಸುಪಾಸು, ಲೆಕ್ಕ ನೀವೇ ಹಾಕಿಕೊಳ್ಳಿ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಅಲ್ಲಿದ್ದಾಗ ಗೊತ್ತಾದದ್ದು ಇಷ್ಟೇ: ಮನೆ ತಣ್ಣಗಿದೆ.

ಬೆಳಗ್ಗೆ ಎರಡು ತಾಸು, ಸಂಜೆ ನಾಲ್ಕು ತಾಸು ಮಾತ್ರ ಗ್ಯಾಸಿನ ಹೀಟಿಂಗ್. ಅದೂ 18 ಡಿಗ್ರಿಗೆ. ನಮ್ಮೂರಲ್ಲಿ ಡಿಸೆಂಬರ್ ರಾತ್ರಿ 15ಕ್ಕೆ ಇಳಿದರೆ ಕಂಬಳಿ ಹೊದ್ದು ಸುಖವಾಗಿ ಮಲಗುತ್ತೇವೆ, 18 ಯಾವ ಲೆಕ್ಕ ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಬಿಸಿಲಿರುತ್ತದೆ. ಅಲ್ಲಿ ಸೂರ್ಯ ಏಳುವುದು ಎಂಟು ಗಂಟೆ ದಾಟಿದ ಮೇಲೆ, ನಾಲ್ಕರೊಳಗೆ ಮುಳುಗಿಯೂ ಬಿಡುತ್ತಾನೆ. ನಡುವೆ ಇರುವಷ್ಟು ಹೊತ್ತೂ ಮೋಡದ ಹಿಂದೆ. ಮೈಗೆ ಒಂದು ಸಲವೂ ಬಿಸಿ ತಾಗದೆ ದಿನ ಕಳೆಯುತ್ತದೆ. ಡಿಸೆಂಬರ್ ಎರಡನೇ ವಾರದಲ್ಲಂತೂ ರಾತ್ರಿಯ ಚಳಿ ಸೊನ್ನೆಗಿಂತ ಕೆಳಗಿಳಿದು ಹಿತ್ತಲಿನ ಹುಲ್ಲೆಲ್ಲ ಗರಿಗರಿಯಾಗಿ ನಿಂತಿತು. ಚಳಿ ತಡೆಯಲಾಗುತ್ತಿಲ್ಲ ಎಂದು ಗೆಳೆಯನಿಗೆ ಬಾಯಿ ಬಿಟ್ಟು ಹೇಳಲಿಲ್ಲ. ಬಂದ ಮನೆಯಲ್ಲಿ ಚಳಿ ಎಂದು ಹೇಳುವುದು ಊಟಕ್ಕೆ ಉಪ್ಪು ಕಮ್ಮಿ ಎಂದಂತೆ ಅಂತ ನನ್ನ ಸಂಕೋಚ.

ಬಾಯಲ್ಲಿ ಸಂಕೋಚವಿದ್ದವನಿಗೆ ಕೈಯಲ್ಲಿ ಇರಲಿಲ್ಲ. ಮಹಡಿಯ ಬಾತ್‌ರೂಮಿನ ನೆಲದಲ್ಲಿ ನೀರು ಹೋಗಲು ತೂತಿಲ್ಲ, ತೊಟ್ಟಿಯೊಳಗೇ ನಿಂತು ಸ್ನಾನ ಮಾಡು ಅಂತ ಮೊದಲ ದಿನವೇ ಹೇಳಿದ್ದರು. ನಾನು ತೊಟ್ಟಿಯ ಹೊರಗೆ ಕುಕ್ಕರಗಾಲಲ್ಲಿ ಕೂತು ಬಕೆಟ್ ಇಟ್ಟುಕೊಂಡು ಚೊಂಬಿನಲ್ಲಿ ಹೊಯ್ದುಕೊಂಡೆ. ನೆಲ ಒರೆಸಿದರಾಯಿತು ಅಂದುಕೊಂಡಿದ್ದೆ. ಕೆಳಗಿನ ಅಡುಗೆಮನೆಯ ಛಾವಣಿಯಲ್ಲಿ ಚಹದ ಬಣ್ಣದ ಕಲೆ ಮೂಡಿತು. ಗೆಳೆಯ ನಕ್ಕ. ಅವನ ಹೆಂಡತಿ ನಗಲಿಲ್ಲ, ಬೈಯಲೂ ಇಲ್ಲ. ಮಾರನೇ ದಿನ ಬಾತ್‌ರೂಮಿನಲ್ಲಿ ಬಕೆಟ್ ಇರಲಿಲ್ಲ.

ಅದಕ್ಕಿಂತ ದೊಡ್ಡ ಕಿತಾಪತಿ ಹೀಟರಿನದು. ನನ್ನ ಕೋಣೆಯ ಬೀರುವಿನಲ್ಲಿ ಗಾಳಿ ಊದುವ ಒಂದು ಸಣ್ಣ ಹೀಟರ್ ಸಿಕ್ಕಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಚ್ಚಿ ಬೆಳಗಿನ ಜಾವ ಆರಿಸಿ ಮತ್ತೆ ಅಲ್ಲೇ ಇಡುತ್ತಿದ್ದೆ. ಎರಡು ಕಿಲೋವಾಟಿನದು. ಆಗ ಕರೆಂಟು ಯೂನಿಟ್ಟಿಗೆ 34 ಪೆನ್ಸ್, ಅಂದರೆ ಗ್ಯಾಸಿನ ಮೂರು ಪಟ್ಟಿಗೂ ಹೆಚ್ಚು. ಒಂದು ರಾತ್ರಿ ಎಂಟು ತಾಸು ಓಡಿದರೆ ಐದು ಪೌಂಡು ದಾಟುತ್ತದೆ. ಕಳ್ಳತನ ಗೊತ್ತಾಗುವುದಿಲ್ಲ ಎಂಬ ಧೈರ್ಯ ನನ್ನದು. ಸಕ್ಕರೆ ಡಬ್ಬಿಯ ಪಕ್ಕದ ಪರದೆ ಬೆಳಗಾಗುವುದರೊಳಗೆ ಎಲ್ಲವನ್ನೂ ಬರೆದಿಟ್ಟಿರುತ್ತಿತ್ತು. ಅವರಿಬ್ಬರೂ ನೋಡಿದ್ದರು, ಸುಮ್ಮನಿದ್ದರು.

ಸುಮ್ಮನಿರಲು ಆಗದೆ ಹೋದದ್ದು ಕಿಟಕಿಯ ವಿಷಯಕ್ಕೆ. ಅಲ್ಲಿನ ಕಿಟಕಿಯ ಚೌಕಟ್ಟಿನ ಮೇಲ್ಭಾಗದಲ್ಲಿ ಗಾಳಿಯಾಡಲು ಉದ್ದಕ್ಕೆ ಒಂದು ಸೀಳು ಇರುತ್ತದೆ. ಅಲ್ಲಿಂದ ಚಳಿ ಬರುತ್ತದೆಂದು ನಾನು ಊರಿಂದ ಶೇಂಗಾ ಚಟ್ನಿಪುಡಿ ಸುತ್ತಿ ತಂದಿದ್ದ ಪೇಪರನ್ನು ಮಡಚಿ ತುರುಕಿದ್ದೆ. ಒಗೆದ ಪಂಚೆ, ಬನಿಯನ್ ರೇಡಿಯೇಟರ್ ಮೇಲೆ ಹರವುತ್ತಿದ್ದೆ. ಕೆಲವು ವಾರಗಳಲ್ಲಿ ಕಿಟಕಿಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳೆದ್ದವು. ಒದ್ದೆ ಬಟ್ಟೆಯ ಆವಿ, ಉಸಿರಿನ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ತಣ್ಣನೆಯ ಗೋಡೆಗೆ ಬಡಿದು ನೀರಾಗಿ ಬೂಷ್ಟು ಹಿಡಿಯುತ್ತದೆ. ನಮ್ಮ ಹಂಚಿನ ಮನೆಗೆ ಈ ಕಷ್ಟವಿಲ್ಲ, ನಾವು ಬೇಡವೆಂದರೂ ಗಾಳಿ ಹಂಚಿನ ಸಂದಿಯಲ್ಲಿ ಓಡಾಡುತ್ತದೆ. ಅವರ ಮಗನಿಗೆ ಉಬ್ಬಸವಿದೆ. ನಾನು ಹೋಗುವುದಕ್ಕೆ ಸ್ವಲ್ಪ ಮುಂಚೆಯಷ್ಟೇ ಅದೇ ಗ್ರೇಟರ್ ಮ್ಯಾಂಚೆಸ್ಟರಿನ ರೋಚ್‌ಡೇಲ್‌ನ ಪ್ರಕರಣದ ತೀರ್ಪು ಬಂದು ದೇಶವೆಲ್ಲ ಅದನ್ನೇ ಮಾತಾಡುತ್ತಿತ್ತು. 2020ರಲ್ಲಿ ತೀರಿಕೊಂಡ ಎರಡು ವರ್ಷದ ಮಗುವಿನ ಸಾವಿಗೆ ಮನೆಯ ಗೋಡೆಯ ಬೂಷ್ಟೇ ಕಾರಣ ಎಂದು ಆ ತೀರ್ಪು ಹೇಳಿತ್ತು.

ಗೆಳೆಯ ಇದೊಂದನ್ನೂ ಹೇಳಲಿಲ್ಲ. ಮಗನ ಕಾಯಿಲೆ ಹೇಳಿ ನನ್ನನ್ನು ತಪ್ಪಿತಸ್ಥನನ್ನಾಗಿ ನಿಲ್ಲಿಸುವುದು ಅವನಿಗೆ ಬೇಡವಾಗಿತ್ತು. "ಆ ಪೇಪರ್ ತೆಗೀಲೇ, ಗಾಳಿ ಬೇಕು. ಬಟ್ಟೆ ಕೆಳಗೆ ಡ್ರೈಯರ್‌ಗೆ ಹಾಕು. ಆಮೇಲೆ ಆ ಹೀಟರ್ ಒಂದು ಹಚ್ಚಬೇಡ ಮಾರಾಯ" ಅಂದ, ಅಷ್ಟೇ. ನನಗೆ ಚುರ್ ಅಂತು. ಒಂದು ಕಡೆ ಕಿಟಕಿ ತೆಗಿ ಅಂತಾನೆ, ಇನ್ನೊಂದು ಕಡೆ ಹೀಟರ್ ಬೇಡ ಅಂತಾನೆ!

ಮಧ್ಯಾಹ್ನ ಒಂದು ಗಂಟೆಗೆ ಊರಿಗೆ ಫೋನ್ ಹಚ್ಚಿದೆ. ನ್ಯಾಮತಿಯಲ್ಲಿ ಆಗ ಸಂಜೆ ಆರೂವರೆ, ಹೆಂಡತಿ ಪುರಸೊತ್ತಾಗಿ ಸಿಗುವ ಹೊತ್ತು. ಸ್ಪೀಕರ್ ಹಾಕಿ ಕೂಗಿ ಮಾತಾಡುವುದು ನನ್ನ ಅಭ್ಯಾಸ. ಜೊತೆಗೆ ಆ ಊರಿನ ಬಸ್ಸು, ಅಂಗಡಿ, ಪಾರ್ಕುಗಳಲ್ಲಿ ಕನ್ನಡ ಯಾರಿಗೂ ತಿಳಿಯದೆಂದು ಅವನ ತಲೆ ಇವನ ಮೂಗು ಅಂತ ಏನು ಬೇಕಾದರೂ ಆಡಿ ನಾಲಿಗೆಗೆ ಲಗಾಮಿಲ್ಲದಂತಾಗಿತ್ತು. "ಲಕ್ಷಗಟ್ಟಲೆ ದುಡೀತಾರೆ, ಬಿಸಿ ಕಾಸಿಕೊಳ್ಳಕ್ಕೂ ಲೆಕ್ಕ ಇಡ್ತಾರೆ. ಜಿಪುಣರು ಕಣೇ, ಶುದ್ಧ ಜಿಪುಣರು. ಆ ಹೆಣ್ಣುಮಗಳಂತೂ ಇಡೀ ದಿನ ಮಲಗಿರ್ತಾಳೆ, ಒಂದು ಲೋಟ ಟೀ ಕೇಳಬೇಕಂದ್ರೆ ಹೆದರಬೇಕು" ಅಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲು ನಾಚಿಕೆ.

ರಾತ್ರಿ ಪಾಳಿ ಮುಗಿಸಿ ಬಂದವಳು ಹಗಲು ಮಲಗದೆ ಇನ್ನೇನು ಮಾಡಬೇಕು? ಆ ಡಿಸೆಂಬರ್ 15 ಮತ್ತು 20ರಂದು ಬ್ರಿಟನ್ನಿನ ನರ್ಸ್‌ಗಳ ಸಂಘ ತನ್ನ ನೂರಾ ಆರು ವರ್ಷಗಳ ಚರಿತ್ರೆಯಲ್ಲಿ ಹಿಂದೆಂದೂ ಮಾಡದಷ್ಟು ದೊಡ್ಡ ಮುಷ್ಕರ ಹೂಡಿತ್ತು, ಸಂಬಳ ಸಾಲುತ್ತಿಲ್ಲವೆಂದು. ಟೀವಿಯಲ್ಲಿ ಅದನ್ನು ಆ ಮನೆಯ ಸೋಫಾದ ಮೇಲೆ ಕೂತೇ ನೋಡಿದ್ದೆ. ಟೀವಿಯವರು ಹೇಳುತ್ತಿದ್ದುದು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದವಳ ಸಂಬಳದ ವಿಷಯ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುದಿನದಿಂದ ಮನೆ ಬೆಚ್ಚಗಾಯಿತು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಎಲ್ಲ ಕೋಣೆಗೂ 22 ಡಿಗ್ರಿ. ಕೊನೆಗೂ ಅರ್ಥವಾಯಿತಲ್ಲ ಇವರಿಗೆ ಅಂತ ಸ್ವೆಟರ್ ತೆಗೆದು ಬನಿಯನ್ನಿನಲ್ಲಿ ಕೂತೆ. ಆದರೆ ಮಾತು ನಿಂತಿತ್ತು. ಊಟ ಮೇಜಿನ ಮೇಲೆ ಮುಚ್ಚಿಟ್ಟಿರುತ್ತಿತ್ತು, ಬಡಿಸಲು ಯಾರೂ ಇಲ್ಲ. "ಅಣ್ಣಾ ಇನ್ನೊಂದು ಚೂರು ಅನ್ನ" ಅನ್ನುತ್ತಿದ್ದವಳು ಎದುರು ಸಿಕ್ಕರೆ ತಲೆ ಬಗ್ಗಿಸಿ ಹೋಗುತ್ತಿದ್ದಳು. ಇದೂ ಅವರದೇ ತಪ್ಪು ಅಂತ ಕಂಡಿತು ನನಗೆ. ಸಿಟ್ಟು ಬಂದರೆ ನಮ್ಮೂರಲ್ಲಿ ಏನು ಮಾಡುತ್ತೇವೆ? ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ ಮೊದಲು ಬಂದ ಶಿವಮೊಗ್ಗದ ಬಸ್ ಹತ್ತುತ್ತೇವೆ. ಕ್ರಿಸ್‌ಮಸ್ ಬೆಳಗ್ಗೆ ಚೀಲ ಕಟ್ಟಿಕೊಂಡು ಕೆಳಗಿಳಿದು ಬಂದೆ. "ಲಂಡನ್‌ಗೆ ಹೋಗ್ತೀನಿ, ಹೊನ್ನಾಳಿ ಕಡೆಯ ಒಬ್ಬರಿದ್ದಾರೆ. ಬಸವಣ್ಣನ ಪ್ರತಿಮೆನೂ ನೋಡ್ದಂಗಾಗುತ್ತೆ" ಅಂದೆ. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ ಅದು. ಮುನಿಸಿಗೆ ಬಸವಣ್ಣನನ್ನು ಎಳೆದು ತಂದಿದ್ದೆ.

"ಇವತ್ತು ರೈಲಿಲ್ಲ" ಅಂದ ಗೆಳೆಯ.

"ನಾಳೆ ಹೋಗ್ತೀನಿ."

"ನಾಳೇನೂ ಇಲ್ಲ. ಮುಷ್ಕರ. 27ಕ್ಕೇ ಇನ್ನು."

ನಂಬದೆ ಬಾಗಿಲು ತೆಗೆದು ನಡೆದೇಬಿಟ್ಟೆ. ಕ್ರಿಸ್‌ಮಸ್ ದಿನ ಆ ದೇಶದಲ್ಲಿ ರೈಲು ಓಡುವುದೇ ಇಲ್ಲ, ಮುಷ್ಕರ ಇರಲಿ ಬಿಡಲಿ. ದೊಡ್ಡ ಅಂಗಡಿ ತೆರೆಯುವಂತಿಲ್ಲವೆಂದು 2004ರಿಂದ ಕಾಯ್ದೆಯೇ ಇದೆ. ಬಸ್ಸಿಲ್ಲ, ಜನರಿಲ್ಲ, ನಾಯಿ ಕೂಡ ಇಲ್ಲ. ಮರ್ಸಿ ನದಿಯ ಕಣಿವೆಗೆ ಅಡ್ಡಲಾಗಿ 1840ರ ಹೊತ್ತಿಗೆ ಕಟ್ಟಿದ ಇಟ್ಟಿಗೆಯ ರೈಲು ಸೇತುವೆ ಆ ಊರಿನ ಹೆಮ್ಮೆ. ಅದರ ಕೆಳಗೆ ಚೀಲ ಹಿಡಿದು ನಿಂತವನಿಗೆ ಹಿಂದಿನಿಂದ ಗೆಳೆಯ ಓಡಿ ಬಂದು ಮಫ್ಲರ್ ಕೊಟ್ಟ. ಕಿವಿಗೆ ಸುತ್ತಿಕೊಳ್ಳುತ್ತಿದ್ದಾಗ ಹೇಳಿದ:

"ಅವತ್ತು ನೀನು ಫೋನಲ್ಲಿ ಅಂದಿದ್ದು ಅವಳಿಗೆ ಕೇಳಿಸ್ತು ಕಣಲೇ. ಪಕ್ಕದ ರೂಮು. ಗೋಡೆ ಅಂತೀವಷ್ಟೆ, ಬರೀ ಹಲಗೆ."

"ಮತ್ತೆ ಹೀಟಿಂಗ್?"

"ಅವಳೇ ಹಾಕಿದ್ದು. ಅಣ್ಣ ಹೋಗೋ ತನಕ ಆರಿಸಬೇಡಿ ಅಂದ್ಲು. ಅದಕ್ಕೋಸ್ಕರ ಎರಡು ಪಾಳಿ ಜಾಸ್ತಿ ಒಪ್ಪಿಕೊಂಡಿದ್ದಾಳೆ."

ವಾಪಸ್ ಬಂದಾಗ ಅವಳು ಡ್ಯೂಟಿಗೆ ಹೊರಡುತ್ತಿದ್ದಳು. ಹಬ್ಬದ ದಿನದ ಪಾಳಿ. "ತಂಗೀ" ಅಂದೆ, ಮುಂದೆ ಬರಲಿಲ್ಲ. "ಬಿಡ್ರಿ ಅಣ್ಣ" ಅಂದಳು. ಶೂ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು, "ಚಳಿ ಆಗ್ತಿದೆ ಅಂತ ನನಗೇ ಹೇಳಬಹುದಿತ್ತು. ದಿನಾ ಹತ್ತಿಪ್ಪತ್ತು ಜನಕ್ಕೆ ಅದನ್ನೇ ಕೇಳೋದು ನನ್ನ ಕೆಲಸ" ಎಂದು ಹೋದಳು. ಕ್ಷಮಿಸಿದಳೋ ಇಲ್ಲವೋ, ಕೇಳುವ ಮುಖ ನನಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಹೊರಡುವ ದಿನ 200 ಪೌಂಡನ್ನು ಕವರಿಗೆ ಹಾಕಿ ಸಕ್ಕರೆ ಡಬ್ಬಿಯ ಕೆಳಗಿಟ್ಟು ಬಂದೆ, ಹೀಟಿಂಗಿನ ಬಾಬ್ತು. ಋಣ ತೀರಿಸಿದೆ ಎಂದು ವಿಮಾನದಲ್ಲಿ ಮನಸ್ಸು ಹಗುರವಾಗಿತ್ತು. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಗೆಳೆಯನ ತಾಯಿ ಸುರಹೊನ್ನೆಯಿಂದ ನಡೆದುಕೊಂಡೇ ನನ್ನ ಅಂಗಡಿಗೆ ಬಂದರು. ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ಸಾವಿರ ರೂಪಾಯಿ ಎಣಿಸಿ ಕೌಂಟರ್ ಮೇಲಿಟ್ಟರು. "ಮಗ ಕೊಡಕ್ಕೆ ಹೇಳಿದ ಕಣಪ್ಪ. ಯಾತಕ್ಕೆ ಅಂತ ಕೇಳಿದ್ರೆ ಹೇಳ್ಲಿಲ್ಲ. ಏನಾರ ಸಾಲ ಮಾಡಿದ್ನಾ ನಿನ್ನತ್ರ?" ಎಂದು ಕೇಳಿದರು. ಹೌದಮ್ಮ, ಹಳೇದು, ಅಂದುಬಿಟ್ಟೆ. ಅವರ ಮಗನ ಮೇಲೆ ಇಲ್ಲದ ಸಾಲ ಹೊರಿಸಿ ಕಳಿಸಿದೆ.

ಗೆಳೆಯ ಈಗಲೂ ಫೋನ್ ಮಾಡುತ್ತಾನೆ. ಅವಳು ಯುಗಾದಿಗೆ ಒಂದು ಮೆಸೇಜ್ ಕಳಿಸುತ್ತಾಳೆ. ಅದು ಎಲ್ಲರಿಗೂ ಒಟ್ಟಿಗೆ ಕಳಿಸುವಂಥದ್ದು.

ಮೊನ್ನೆ ಸವಳಂಗದ ಗಿರಾಕಿಯೊಬ್ಬರು ಬಂದಿದ್ದರು. ಮಗಳು ಲೆಸ್ಟರ್‌ನಲ್ಲಿದ್ದಾಳೆ, ಬಾಣಂತನಕ್ಕೆ ಗಂಡ ಹೆಂಡತಿ ಡಿಸೆಂಬರಿನಲ್ಲಿ ಹೋಗುತ್ತಾರಂತೆ. ಏನೇನು ಒಯ್ಯಬೇಕು ಎಂದು ಕೇಳಿದರು. ಉಣ್ಣೆ ಕಾಲುಚೀಲ ಒಯ್ಯಿರಿ ಅಂದೆ. ಹೋದ ದಿನವೇ ಬಚ್ಚಲು ಹೇಗೆ ಬಳಸಬೇಕು, ಹೀಟಿಂಗ್ ಯಾವ ಹೊತ್ತಿಗೆ, ಮನೆಯಲ್ಲಿ ಯಾರು ಯಾವಾಗ ಮಲಗುತ್ತಾರೆ ಅಂತ ಕೇಳಿಕೊಳ್ಳಿ, ಚಳಿಯಾದರೆ ಬಾಯಿ ಬಿಟ್ಟು ಹೇಳಿ ಅಂದೆ. "ಸ್ವಂತ ಮಗಳ ಮನೇಲಿ ಅದೆಲ್ಲ ಯಾಕ್ರೀ" ಎಂದು ನಕ್ಕರು. ಊರಿಗೆ ಫೋನ್ ಮಾಡೋದಾದ್ರೆ ಹಿತ್ತಲಿಗೆ ಹೋಗಿ ಮಾಡಿ, ಅಂದೆ.

"ಆ ಚಳೀಲೇ?"

"ಹೂಂ, ಆ ಚಳೀಲೇ" ಎಂದು ಅವರ ಯೂರಿಯಾ ಚೀಲದ ಬಿಲ್ ಬರೆಯತೊಡಗಿದೆ.