ಬೂಷ್ಟು ತಿನ್ನುವವರು ಬೇಕಾಗಿದ್ದಾರೆ

ಶಿರಸಿ ಕಡೆಯವರಿಗೆ ಬೂಷ್ಟಿನ ಪರಿಚಯ ಮಾಡಿಕೊಡೋ ಅಗತ್ಯ ಇಲ್ಲ. ಆಷಾಢ ಹಿಡೀತು ಅಂದ್ರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ಹಾರ್ಮೋನಿಯಂ ಪೆಟ್ಟಿಗೆ, ಕಪಾಟಿನೊಳಗೆ ವರ್ಷಕ್ಕೊಮ್ಮೆ ಹೊರಬರೋ ಕೋಟು... ಎಲ್ಲದರ ಮೇಲೂ ಬೂಷ್ಟು. (ಇದನ್ನೇ ಬೂಸ್ಟು ಅನ್ನುವವರೂ ಇದ್ದಾರೆ. ಅವರು ಅದೇ ಹೆಸರಿನದ್ದನ್ನ ಹಾಲಿಗೆ ಹಾಕ್ಕೊಂಡು ಹೇಗೆ ಕುಡೀತಾರೋ ನನಗಂತೂ ಗೊತ್ತಿಲ್ಲ :-))

ಆದ್ರೆ ನಾನೀಗ ಹೇಳ ಹೊರಟಿದ್ದು ತಾನಾಗೇ ಬಂದ ಬೂಷ್ಟಿನ ಕಥೆ ಅಲ್ಲ. ಗಾಜಿನ ಪೆಟ್ಟಿಗೆ ಮಾಡಿಸಿ, ಲೈಟು ಹಾಕಿ, ದಿನಕ್ಕೆರಡು ಸಲ ನೀರು ಚಿಮುಕಿಸಿ ಬೆಳೆಸಿದ ಬೂಷ್ಟಿನದು.

ಎರಡು ಅಡಿ ಉದ್ದದ ಅಕ್ವೇರಿಯಂ. ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ನೀರು. ಮೇಲೆ ಕಲ್ಲು, ಹಾವಸೆ, ಬಾವಿಕಟ್ಟೆಯ ಸಂದಿಯಿಂದ ಕಿತ್ತು ತಂದ ಸಣ್ಣ ಜರಿಗಿಡ. ಇಂಥದ್ದಕ್ಕೆ ಪ್ಯಾಲುಡೇರಿಯಂ ಅಂತ ದೊಡ್ಡ ಹೆಸರಿದೆ. ನಮ್ಮನೇಲಿ ಮಾತ್ರ 'ಹಳ್ಳದ ಪೆಟ್ಟಿಗೆ'. ನೀರಲ್ಲಿ ಹನ್ನೆರಡು ಚೆರ್ರಿ ಸೀಗಡಿ, ಕರೆಯದೇ ಬಂದ ನಾಲ್ಕಾರು ಬಸವನಹುಳ. ನಡುವೆ ಅರ್ಧ ನೀರಲ್ಲಿ, ಅರ್ಧ ಹೊರಗೆ ಒಂದು ಹಲಸಿನ ಬೇರು. ಊರ ಮನೆ ಪಕ್ಕದ ನಮ್ಮದೇ ಜಾಗದಲ್ಲಿ ಹಳ್ಳ ದರೆ ಕೊರೆದಾಗ ಉರುಳಿದ ಮರದ್ದು. ಅಜ್ಜ ನೆಟ್ಟ ಮರ. ಎರಡು ಮೂರು ಮಳೆಗಾಲ ಹಳ್ಳದಲ್ಲೇ ಬಿದ್ದು ತೊಳೆದು ತೊಳೆದು ನುಣ್ಣಗಾಗಿತ್ತು. ಮಗಳೇ ಆರಿಸಿ ಹೊತ್ಕೊಂಡು ಬಂದಿದ್ದು. ಈ ಬೇರನ್ನ ಸುಲಭಕ್ಕೆ ಎಸೆಯೋಕೆ ಆಗೋದಿಲ್ಲ ಅನ್ನೋದಕ್ಕೆ ಇಷ್ಟು ಹೇಳಿದೆ.

ಮೊದಲು ಕುದಿಸಿದ್ವಿ. ಬಚ್ಚಲ ತಾಮ್ರದ ಹಂಡೆಯಲ್ಲಲ್ಲ, ದೊಡ್ಡ ಸ್ಟೀಲ್ ಪಾತ್ರೆಯಲ್ಲಿ. ಯಾಕೆ ಅಂತ ಆಮೇಲೆ ಹೇಳ್ತೀನಿ. ಕುದಿಸಿದ ನೀರು ಅರಿಶಿನ ಕಲಸಿದ ಹಾಗೆ ಹಳದಿ. ಹಲಸಿನ ಕೆಚ್ಚಿನ ಬಣ್ಣವೇ ಹಾಗೆ, ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕ್ತಿದ್ದಿದ್ದು ಅದರಿಂದಲೇ. ಮತ್ತೆ ಮೂರು ವಾರ ಬಕೆಟ್ಟಲ್ಲಿ ನೆನೆಹಾಕಿ, ದಿನಾ ನೀರು ಚೆಲ್ಲಿ, ಹಳದಿ ಬಿಡೋದು ಕಮ್ಮಿ ಆದ ಮೇಲೆ ಪೆಟ್ಟಿಗೆಗೆ ಇಳಿಸಿದ್ದು.

ನಾಲ್ಕೇ ದಿನ. ನೀರೊಳಗಿನ ಭಾಗದ ಮೇಲೆ ಗಂಜಿ ಕೆನೆಗಟ್ಟಿದ ಹಾಗೆ ಬಿಳೀ ಲೋಳೆ. ನೀರ ಹೊರಗಿನ ಭಾಗಕ್ಕೆ ಹತ್ತಿ ಅಂಟಿಸಿದ ಹಾಗೆ ಬಿಳೀ ಕೂದಲು.

ಇವೆರಡೂ ನೋಡೋಕೆ ಅಣ್ಣತಮ್ಮಂದಿರ ಹಾಗಿದ್ರೂ ವ್ಯವಹಾರ ಬೇರೆ ಬೇರೆ. ನೀರೊಳಗಿನದು ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡೂ ಸೇರಿ ಕಟ್ಟಿದ ಪೊರೆ. ಮರದ ಹೊರಗಿನ ಬಿಳಿ ಭಾಗದಲ್ಲಿ ಉಳಿದ ಸಕ್ಕರೆ, ಪಿಷ್ಟ ಇವಕ್ಕೆ ಊಟ. ಊಟ ಮುಗಿದರೆ ಪಂಕ್ತಿ ಏಳ್ತದೆ, ಕೆಲವು ವಾರ ಅಷ್ಟೆ. ಗಟ್ಟಿ ಕೆಚ್ಚಿನಲ್ಲಿ ಇವಕ್ಕೆ ಸುಲಭಕ್ಕೆ ಸಿಗೋದು ಕಮ್ಮಿ. ಅಷ್ಟರಲ್ಲಿ ಸೀಗಡಿಗಳೇ ಅದನ್ನ ಹೆರೆದು ಹೆರೆದು ತಿಂತಾವೆ. ನಮ್ಮ ಹನ್ನೆರಡೂ ಬೇರಿನ ಮೇಲೆ ಸಾಲಾಗಿ ಕೂತು, ಎರಡೂ ಕೈಯಲ್ಲಿ ತುಂಬಿಕೊಳ್ತಿದ್ದ ರೀತಿ ನೋಡಿದ್ರೆ ತೆರವಿನ ಊಟದ ಮನೆ ನೆನಪಾಗ್ತಿತ್ತು. ನಾನು ಮಾಡಿದ್ದು ಇಷ್ಟೆ: ಪೊರೆ ದಪ್ಪ ಆದಾಗ ಹಳೇ ಟೂತ್‌ಬ್ರಶ್ಶಲ್ಲಿ ಒಂದಷ್ಟು ತಿಕ್ಕಿ ಹೊರಗೆ ತೆಗೆಯೋದು, ಏರ್ ಪಂಪು ರಾತ್ರಿಯೂ ಓಡಿಸೋದು. ಪೊರೆ ಸಿಕ್ಕಾಪಟ್ಟೆ ಆದ್ರೆ ಸಣ್ಣ ನೀರಿನಲ್ಲಿ ಆಮ್ಲಜನಕ ಕಮ್ಮಿ ಬೀಳ್ತದೆ, ಅದಕ್ಕೆ. ಐದನೇ ವಾರಕ್ಕೆ ನೀರೊಳಗಿನ ಬೇರು ಚೊಕ್ಕ.

ತಲೆಬಿಸಿ ಆಗಿದ್ದು ಮೇಲಿನದು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದೆ (ಮೆಡಿಕಲ್ ಶಾಪಿಂದ ತಂದ ಬಾಟಲಿ 6 ಪರ್ಸೆಂಟಿನದು, ಅಷ್ಟೇ ನೀರು ಬೆರೆಸಿ 3 ಮಾಡಿಕೊಂಡೆ). ಬುಸ್ಸಂತ ನೊರೆ ಬಂತು, ಬೂಷ್ಟು ಮಾಯ. ಐದನೇ ದಿನ ಮತ್ತೆ ಹಾಜರ್. ನಮಗೆ ಕಾಣೋ ಬಿಳೀ ಕೂದಲು ಮೇಲಿನದ್ದು ಮಾತ್ರ, ಎಳೆಗಳು ಮರದೊಳಗೆ ಹೊಕ್ಕಿರ್ತಾವೆ. ಮೇಲಿಂದ ಹೆರೆದರೆ ಹುಲ್ಲು ಸವರಿದ ಹಾಗೆ, ಅಷ್ಟೆ.

ಆಗ ಊರಿಂದ ಅಪ್ಪ ಬಂದ್ರು. ಪೆಟ್ಟಿಗೆ ಮುಂದೆ ಎರಡು ನಿಮಿಷ ನಿಂತು ಹೇಳಿದ್ದನ್ನ ನಮ್ಮ ಮನೆಮಾತಲ್ಲೇ ಹೇಳಬೇಕು. "ಯಂಗ ದುಡ್ಡು ಕೊಟ್ಟು ಬೂಷ್ಟು ಕೊಲ್ತ್ಯ, ನೀನು ದುಡ್ಡು ಕೊಟ್ಟು ಸಾಕ್ತೆ ಅಲ ಮಾರಾಯಾ!"

ಅವರ ಮಾತಲ್ಲಿ ಅರ್ಥ ಇದೆ. ಮಳೆ ಹಿಡಿಯೋಕೆ ಮೊದಲೊಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಅಡಿಕೆಗೊನೆಗೆ ಬೋರ್ಡೋ ಹೊಡೆಸದಿದ್ರೆ ಕೊಳೆರೋಗದಲ್ಲಿ ಆ ವರ್ಷದ ಬೆಳೆ ಮರದ ಬುಡದಲ್ಲಿ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಿಗೆ ಮಿಲಾರ್ಡೆ ಕಂಡುಕೊಂಡ ಔಷಧಿ. ಕಳೆದ ಶತಮಾನದ ಶುರುವಿನಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ ಇದನ್ನ ಅಡಿಕೆಗೆ ಬಳಕೆಗೆ ತಂದರು. ಅಪ್ಪನ ಇಡೀ ಮಳೆಗಾಲ ಕೊನೆಗೌಡನ ದಾರಿ ಕಾಯೋದರಲ್ಲಿ, ಮಳೆ ಎರಡು ತಾಸು ಹೊಳವಾಗೋದನ್ನ ಕಾಯೋದರಲ್ಲಿ ಕಳೆದಿದೆ. ಹಾಗಾಗಿ ಅವರ ಪರಿಹಾರ ಸರಳ: "ಒಂದು ಚೂರು ಬೋರ್ಡೋ ಸವರು, ನಾಳೆಗೆ ಎಲ್ಲಾ ಕ್ಲೀನು."

ಬೂಷ್ಟು ಕ್ಲೀನು ಆಗ್ತಿತ್ತೇನೋ, ಸೀಗಡಿಯೂ ಆಗ್ತಿತ್ತು. ಮೈಲುತುತ್ತ ಅಂದ್ರೆ ತಾಮ್ರ. ತಮಾಷೆ ಅಂದ್ರೆ ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರೋದೇ ತಾಮ್ರ, ನಮಗೆ ಕಬ್ಬಿಣ ಇದ್ದ ಹಾಗೆ. ಆದರೂ ನೀರಲ್ಲಿ ಕರಗಿದ ತಾಮ್ರ ತುಸು ಹೆಚ್ಚಾದ್ರೂ ಅದಕ್ಕೆ ವಿಷ. ಬಸವನಹುಳಕ್ಕೂ ಅಷ್ಟೆ. ಹಂಡೆ ಬೇಡ ಅಂದಿದ್ದು ಇದಕ್ಕೇ.

ಇಷ್ಟಾದ್ರೆ ಇದು ಹವ್ಯಾಸದ ಸಮಸ್ಯೆ, ನಿಧಾನಕ್ಕೆ ನೋಡ್ಕೋಬಹುದಿತ್ತು. ಆದ್ರೆ ಮಗಳಿಗೆ ಉಬ್ಬಸ ಇದೆ. ಎರಡನೇ ಕ್ಲಾಸು ಈಗ, ಮೂರು ವರ್ಷದವಳಿದ್ದಾಗಿಂದ ಪ್ರತಿ ಮಳೆಗಾಲ ರಾತ್ರಿ ಎದೆ ಸುಯ್ ಅನ್ನೋದು, ನಾವು ಎದ್ದು ಕೂರೋದು. ಪೆಟ್ಟಿಗೆ ಬರೋಕೆ ಎಷ್ಟೋ ಮೊದಲಿಂದ ಇರೋದು, ಹಾಗಾಗಿ ಪೆಟ್ಟಿಗೆಯಿಂದ ಬಂತು ಅನ್ನಲಾರೆ. ಆದ್ರೆ ಆ ಸಲ ಡಾಕ್ಟರು, ಒದ್ದೆ ಬಟ್ಟೆ ಒಳಗೆ ಒಣಗಿಸಬೇಡಿ, ಬೂಷ್ಟು ಬಂದ ದಿಂಬು ಹಾಸಿಗೆ ಇಟ್ಕೋಬೇಡಿ ಅಂತ ಹೇಳಿದ್ರು. ಮನೆಗೆ ಬಂದು ಎರಡು ದಿಂಬು ಎಸೆದ ಮೇಲೆ ನನ್ನವಳು ಹಾಲಲ್ಲಿ ನಿಂತು ಕೇಳಿದ್ಲು, "ದಿಂಬು ಎಸೆದಾಯ್ತು. ಈ ಬೂಷ್ಟಿನ ಶೋಕೇಸ್ ಏನು ಮಾಡೋದು?"

ಇಲ್ಲೊಂದು ಇಕ್ಕಟ್ಟಿದೆ ನೋಡಿ. ಬೂಷ್ಟು ಕಮ್ಮಿ ಆಗಬೇಕು ಅಂದ್ರೆ ಗಾಳಿ ಆಡಬೇಕು. ಗಾಜಿನ ಮುಚ್ಚಳ ಸರಿಸಿ, ಕಂಪ್ಯೂಟರ್‌ನ ಸಣ್ಣ ಫ್ಯಾನೊಂದು ಇಟ್ಟು, ನೀರು ಚಿಮುಕಿಸೋದು ಇಳಿಸಿದ್ರೆ ಬೇರಿನ ಮೇಲ್ಮೈ ಆಗಾಗ ಒಣಗ್ತದೆ, ಬೂಷ್ಟಿಗೆ ಕಷ್ಟ ಆಗ್ತದೆ. ಆದ್ರೆ ಮುಚ್ಚಳ ಸರಿಸಿದ್ರೆ ಬೂಷ್ಟಿನ ಬೀಜಕಣ ಹಾಲಿಗೆ, ಅಂದ್ರೆ ಮಗಳ ಮೂಗಿಗೆ. ಮುಚ್ಚಿಟ್ಟರೆ ಒಳಗೆ ಜಾತ್ರೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ 'ಏನೂ ಆಗಲ್ಲ, ತಾನಾಗೇ ಹೋಗ್ತದೆ' ಅಂತಾರೆ. ಮೀನಿಗೆ ಏನೂ ಆಗಲ್ಲ, ನಿಜ. ಪಕ್ಕದಲ್ಲಿ ಮಲಗೋ ಏಳು ವರ್ಷದವಳ ಲೆಕ್ಕ ಅದರಲ್ಲಿ ಇಲ್ಲ.

ಪೆಟ್ಟಿಗೆ ಹಿಂದಿನ ವರಾಂಡಕ್ಕೆ ಹೋಯ್ತು. ನೀರು ಖಾಲಿ ಮಾಡಿ, ನಾನೂ ಪಕ್ಕದ ಮನೆಯವರೂ ಹಿಡಿದು ಸಾಗಿಸಿದ್ವಿ. ಮಗಳು ಸೀಗಡಿಗಳಿದ್ದ ಪಾತ್ರೆ ಹಿಡ್ಕೊಂಡು ಅಳ್ತಾ ಹಿಂದೆ ಬಂದ್ಲು, ಎರಡು ದಿನ ನನ್ನ ಹತ್ರ ಮಾತಿಲ್ಲ. ಅಡುಗೆಮನೆ ಕಿಟಕಿಯ ಗಾಜಿನಿಂದ ನೋಡಬಹುದು, ಬಾಗಿಲು ತೆಗೆಯೋ ಹಾಗಿಲ್ಲ ಅಂತ ಒಪ್ಪಂದ ಆಯ್ತು. ಕಿಟಕಿ ಕಟ್ಟೆಗೆ ಒಂದು ಸ್ಟೂಲು ಹಾಕಿಕೊಟ್ಟೆ.

ವರಾಂಡದಲ್ಲಿ ಮುಚ್ಚಳ ಧೈರ್ಯವಾಗಿ ಸರಿಸಿದೆ. ಹೊಸ ಕೆಲಸದವರನ್ನೂ ನೇಮಿಸಿದೆ: ಸ್ಪ್ರಿಂಗ್‌ಟೇಲ್. ಸಾಸಿವೆಗಿಂತ ಸಣ್ಣ ಜೀವಿ, ಹೊಟ್ಟೆಯಡಿ ಮಡಚಿಟ್ಟ ಬಾಲವನ್ನ ಬಿಟ್ಟು ಚಂಗನೆ ಹಾರ್ತದೆ. ಬೂಷ್ಟು, ಕೊಳೆತ ಎಲೆ ಇದರ ಊಟ, ಮನುಷ್ಯರ ಗೊಡವೆ ಇಲ್ಲ. ಪೇಟೆಯಲ್ಲಿ ದುಡ್ಡು ಕೊಟ್ಟು ಡಬ್ಬದಲ್ಲಿ ತರಿಸ್ತಾರಂತೆ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಪುಕ್ಕಟೆ! ಕೆಳಗಿನ ಒದ್ದೆ ದರಕು ಎರಡು ಮುಷ್ಟಿ ತಂದು ಅಗಲ ಬೇಸಿನ್ನಿನ ನೀರಲ್ಲಿ ಮುಳುಗಿಸಿ. ಇವುಗಳ ಮೈಗೆ ನೀರು ಅಂಟೋದಿಲ್ಲ, ಹಾಗಾಗಿ ಬೂದಿ ಚೆಲ್ಲಿದ ಹಾಗೆ ಮೇಲೆ ತೇಲ್ತಾವೆ. ಆ ನೀರನ್ನ ಮೆಲ್ಲಗೆ ಇದ್ದಿಲು ತುಂಬಿದ ಡಬ್ಬಕ್ಕೆ ಬಗ್ಗಿಸಿ, ನಾಲ್ಕು ಅಕ್ಕಿಕಾಳು ಹಾಕಿ ಮುಚ್ಚಿಡಿ. ಅಕ್ಕಿಗೆ ಬೂಷ್ಟು ಬರ್ತದೆ, ಅವು ತಿಂತಾವೆ, ತಿಂಗಳಲ್ಲಿ ಡಬ್ಬ ಕಿಲಕಿಲ ಅಂತಿರ್ತದೆ. (ಉಣುಗು, ಇಂಬಳ ಕೂಡಾ ದರಕಿನ ಜೊತೆ ಉಚಿತ, ಕೈ ನೋಡ್ಕೊಳ್ಳಿ.)

ದೀಪಾವಳಿ ಹೊತ್ತಿಗೆ ಮೇಲಿನ ಬೂಷ್ಟೂ ಹೋಯ್ತು. ಒಂದು ತುದಿಯಲ್ಲಿ ಮಾತ್ರ ಉಗುರು ಹಾಕಿದ್ರೆ ಹಿಟ್ಟಿನ ಹಾಗೆ ಒಳಗಿಳೀತಿತ್ತು. ಅದು ಬೂಷ್ಟಲ್ಲ, ಮರವೇ ಕೊಳೆಯೋದು. ಅಷ್ಟನ್ನ ಗರಗಸ ಹಾಕಿ ಕತ್ತರಿಸಿ ಎಸೆದೆ. ಕೊಳೆತ ಮೊಟ್ಟೆ ವಾಸನೆ ಬರೋ ಮರ, ಮೆತ್ತಗಾದ ಮರ ಇದ್ರೆ ಕಾಯೋಕೆ ಹೋಗಬೇಡಿ, ತೆಗೆದು ಬಿಸಾಕಿ.

ಅಪ್ಪನಿಗೆ ಸ್ಪ್ರಿಂಗ್‌ಟೇಲ್ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಇವನ್ನ ತೋಟಕ್ಕೆ ಬಿಟ್ರೆ ಕೊಳೆರೋಗ ತಿಂತಾವಾ ಅಂತ ಕೇಳಿದ್ರು. ಇಲ್ಲ, ಅದು ಈ ಬೂಷ್ಟಿನ ಜಾತಿಯೇ ಅಲ್ಲ, ಫೈಟೊಫ್ತೊರಾ ಅಂತ ನೀರ್ಬೂಷ್ಟಿನ ಕಡೆಯದ್ದು, ಜೀವಂತ ಕಾಯಿಯೊಳಗೇ ಹೊಕ್ಕು ಕೂರ್ತದೆ ಅಂದೆ. "ಹಂಗಾರೆ ಕೊನೆಗೌಡನೇ ಗತಿ" ಅಂತ ಎದ್ದು ಹೋದ್ರು.

ಪೆಟ್ಟಿಗೆ ಇವತ್ತಿಗೂ ವರಾಂಡದಲ್ಲೇ ಇದೆ, ಸ್ಟೂಲು ಕಿಟಕಿ ಹತ್ರ. ಮಗಳ ಲೆಕ್ಕದ ಪ್ರಕಾರ ಸೀಗಡಿ ನಲವತ್ತೊಂದು, ನನ್ನ ಲೆಕ್ಕಕ್ಕೆ ಮೂವತ್ತು ದಾಟೋದಿಲ್ಲ. ಶಿರಸಿ ಕಡೆ ಬಂದವರು ಯಾರಿಗಾದ್ರೂ ಸ್ಪ್ರಿಂಗ್‌ಟೇಲ್ ಬೇಕಿದ್ರೆ ಒಂದು ಖಾಲಿ ಐಸ್‌ಕ್ರೀಂ ಡಬ್ಬ ಹಿಡ್ಕೊಂಡು ಬನ್ನಿ. ಇದ್ದಿಲು ನಾನೇ ಕೊಡ್ತೀನಿ :-)